ಭಾನುವಾರದ ಗಂಜಿಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ನಮ್ಮ ಚರ್ಚಿನ ಐದು ಜನ ಹೆಂಗಸರು ಪ್ರತಿ ಭಾನುವಾರ ಬೆಳಗಿನ ಪೂಜೆ ಮುಗಿಸಿ ಅಡುಗೆಗೆ ನಿಲ್ಲುತ್ತೇವೆ. ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಇರುವವರಿಗೆ ಕುಚ್ಚಲಕ್ಕಿ ಗಂಜಿ, ಹೆಸರುಕಾಳು ಪಲ್ಯ. 60 ಜನಕ್ಕೆ 5 ಕೆಜಿ ಅಕ್ಕಿ ಹಾಕುತ್ತಿದ್ದೆವು. ಈಗ ನೂರು ಜನ ಆಗುತ್ತಾರೆ.

ಕಳೆದ ವಾರ ತೆಂಗಿನತುರಿ ಹಾಕಿದ ಪಲ್ಯ ಮಧ್ಯಾಹ್ನದೊಳಗೆ ಹಳಸಿಹೋಯಿತು. ಸೆಕೆ ಜಾಸ್ತಿ ಅಲ್ವಾ? ಎಲ್ಲಾ ಚೆಲ್ಲಿದೆವು. ಒಬ್ಬ ಅಜ್ಜಿ ಡಬ್ಬಿಯ ಮುಚ್ಚಳ ಚಾಚಿ ನಿಂತಿದ್ದರು. ಬರೀ ಗಂಜಿಗೆ ಉಪ್ಪು ಹಾಕಿ ಕೊಟ್ಟೆ. "ಬಿಸಿ ಉಂಟಲ್ಲ ಮಗಾ, ಸಾಕು" ಅಂದರು. ನನಗೆ ಅಳುವೇ ಬಂತು.

ಪುನರುತ್ಥಾನದ ನಂತರ ಯೇಸು ಸ್ವಾಮಿ ದಡದಲ್ಲಿ ಕೆಂಡ ಮಾಡಿ, ರಾತ್ರಿಯಿಡೀ ದುಡಿದು ಬಂದ ಶಿಷ್ಯರಿಗೆ ಮೀನು, ರೊಟ್ಟಿ ಕೊಟ್ಟರು. ಅವರೇ ಬಡಿಸಿದ ಮೇಲೆ ನಾವು ಹಳಸಿದ್ದನ್ನು ಒಯ್ಯುವುದು ಹೇಗೆ?

ತೆಂಗಿನಕಾಯಿ ಇಲ್ಲದ, ಗಂಜಿಗೆ ಹೊಂದುವ ಪಲ್ಯ ಯಾವುದು? ನೂರು ಜನಕ್ಕೆ ಅಳತೆ ಸಮೇತ ತಿಳಿಸಿ. ಗಂಜಿ ದಾರಿಯಲ್ಲಿ ಗಟ್ಟಿಯಾಗದಂತೆ ಏನು ಮಾಡುತ್ತೀರಿ? ಯಾರ ಮನೆಯಲ್ಲಾದರೂ ದೊಡ್ಡ ಹಂಡೆ ಸುಮ್ನೆ ಕೂತಿದ್ದರೆ ಹೇಳಿ, ನಾವೇ ಬಂದು ಒಯ್ಯುತ್ತೇವೆ. ಭಾನುವಾರ ಹತ್ತಕ್ಕೆ ತರಕಾರಿ ಹೆಚ್ಚಲು ಇಬ್ಬರು ಬಂದರೂ ದೊಡ್ಡ ಉಪಕಾರ.