ಬಿಎಸ್ಸಿ ಬಯೋಟೆಕ್ ಆದ ಮೇಲೆ ಹೆಲ್ತ್‌ಕೇರ್ ಎಂಬಿಎ ಮಾಡಬಹುದಾ?

ತೀರ್ಥಹಳ್ಳಿ ಮಳೆ:
ಶಿವಮೊಗ್ಗದಲ್ಲಿ ಬಯೋಟೆಕ್ ಬಿಎಸ್ಸಿ ಮುಗಿಸಿದ್ದೇನೆ. ಲ್ಯಾಬ್‌ನಲ್ಲಿ ಕೂರುವ ಮನಸ್ಸಿಲ್ಲ. ಬೆಂಗಳೂರಿನ ಕಾಲೇಜೊಂದರವರು ಹೆಲ್ತ್‌ಕೇರ್ ಎಂಬಿಎಗೆ ಸೇರಿ ಅಂತ ದಿನಾ ಫೋನ್ ಮಾಡುತ್ತಿದ್ದಾರೆ. ಅಡಿಕೆ ದುಡ್ಡು ಬರಲಿ, ಫೀಸು ಕಟ್ಟೋಣ ಅಂತಾರೆ ಅಪ್ಪ, ಆದರೆ ಡಾಕ್ಟರಲ್ಲದವರಿಗೆ ಆಸ್ಪತ್ರೆಯಲ್ಲಿ ಏನು ಕೆಲಸ ಅಂತ ಅವರಿಗೂ ಗೊತ್ತಿಲ್ಲ, ನನಗೂ ಅಷ್ಟಕ್ಕಷ್ಟೇ. ಓದಿದವರು ಇದ್ದೀರಾ?

ಬಿಲ್ಲಿಂಗ್ ಕೌಂಟರ್:
ಎಂಎಚ್‌ಎ, ಅಂದರೆ ಆಸ್ಪತ್ರೆ ಆಡಳಿತದ ಮಾಸ್ಟರ್ಸ್ ಮಾಡಿ ಇಲ್ಲೇ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೇನೆ. ಕೆಲಸ ಏನು ಅಂದ್ರಲ್ಲ, ಒಂದು ಡಿಸ್ಚಾರ್ಜ್ ನೋಡಿ. ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರು ಮನೆಗೆ ಹೋಗಬಹುದು ಅಂತಾರೆ. ಆಮೇಲೆ ಡಿಸ್ಚಾರ್ಜ್ ಸಮರಿ ಟೈಪ್ ಆಗಬೇಕು, ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗಬೇಕು, ಬಿಲ್ಲು ಇನ್ಶೂರೆನ್ಸ್‌ನವರಿಗೆ ಹೋಗಿ ಅಪ್ರೂವಲ್ ಬರಬೇಕು. ಸಂಜೆಯಾದರೂ ಹೊಸನಗರದವರು ಬ್ಯಾಗು ಹಿಡಿದು ಕಡೇ ಬಸ್ಸು ತಪ್ಪುತ್ತೆ ಅಂತ ಕೌಂಟರ್ ಮುಂದೆ ನಿಂತಿರುತ್ತಾರೆ, ಅತ್ತ ಎಮರ್ಜೆನ್ಸಿಗೆ ಬಂದವರಿಗೆ ಬೆಡ್ ಇಲ್ಲ. ಈ ಗಂಟು ಬಿಡಿಸುವುದೇ ನಮ್ಮ ಕೆಲಸ. ಬೈಸಿಕೊಳ್ಳುವುದೂ. ಇದೇ ಬೇಕಾದರೆ ಎಂಎಚ್‌ಎ ಸಾಕು, ಮುಂಬೈನ ಟಿಸ್‌ನಲ್ಲಿ (ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್) ಸಿಕ್ಕರೆ ಕಣ್ಣುಮುಚ್ಚಿ ಸೇರಿ.

ಸೊರಬದ ಕಡೆಯವ:
ಅದು ಆಸ್ಪತ್ರೆ ಕಡೆ. ಹೆಲ್ತ್‌ಕೇರ್ ಎಂಬಿಎಗೆ ಇನ್ನೊಂದು ಕಡೆಯೂ ಇದೆ, ಲೈಫ್ ಸೈನ್ಸಸ್, ಅಂದರೆ ಔಷಧಿ, ಲಸಿಕೆಗಳ ವ್ಯಾಪಾರ. ನಮ್ಮ ಮಂಗನ ಕಾಯಿಲೆಯನ್ನೇ ತಗೊಳ್ಳಿ. ಕ್ಯಾಸನೂರು ಕಾಡಲ್ಲಿ ಗೊತ್ತಾಗಿದ್ದು 1957ರಲ್ಲಿ. ಹಳೇ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ಹೊಸದು ಬೇಕಾಗಿರುವುದು ಘಟ್ಟದ ಕಾಡಂಚಿನ ಜನಕ್ಕೆ ಮಾತ್ರ, ಹಾಕಿದ ದುಡ್ಡು ಹುಟ್ಟುವ ಮಾರ್ಕೆಟ್ಟೇ ಅಲ್ಲ, ಹಾಗಾಗಿ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಕೈಹಾಕಬೇಕಾಯಿತು. ಜನರ ಮೇಲೆ ಪರೀಕ್ಷಿಸಿ ನೋಡುವ ಟ್ರಯಲ್‌ಗೆ ಯಾರು ದುಡ್ಡು ಹಾಕುತ್ತಾರೆ, ಬೆಲೆ ಎಷ್ಟು, ಕೊಳ್ಳುವವರು ಸರ್ಕಾರವಾ ರೋಗಿಯಾ, ಇಂಥದ್ದನ್ನೇ ಅಲ್ಲಿ ಓದುವುದು.

ಅಮೆರಿಕದ ಬಿಸಿನೆಸ್ ಸ್ಕೂಲ್ ವಾರ್ಟನ್‌ನಲ್ಲಿ ಎಂಬಿಎ ಒಳಗೇ ಹೆಲ್ತ್‌ಕೇರ್ ಮ್ಯಾನೇಜ್‌ಮೆಂಟ್ ಇದೆ. ಹಾರ್ವರ್ಡ್‌ನಲ್ಲಿ ಬಯೋಟೆಕ್ ಎಂಎಸ್, ಎಂಬಿಎ ಒಟ್ಟಿಗೆ ಮಾಡಬಹುದು. ನಮ್ಮ ದೇಶದಲ್ಲಿ ಐಎಸ್‌ಬಿಯ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್) ಮೊಹಾಲಿ ಕ್ಯಾಂಪಸ್‌ನಲ್ಲಿ ಇದಕ್ಕೇ ಅಂತ ಮ್ಯಾಕ್ಸ್ ಇನ್‌ಸ್ಟಿಟ್ಯೂಟ್ ಇದೆ. ಇಂಥ ಕಡೆ ಕೆಲಸದ ಅನುಭವಕ್ಕೆ ಬೆಲೆ ಜಾಸ್ತಿ. ಸುಮ್ನೆ ಫೋನ್ ಮಾಡಿ ಕರೆಯುವ ಕಾಲೇಜಿಗೆ ಅಡಿಕೆ ದುಡ್ಡು ಸುರಿಯಬೇಡಿ ಮಾರಾಯ್ರೇ.

ತೀರ್ಥಹಳ್ಳಿ ಮಳೆ:
ಲಸಿಕೆ ಕಡೆಯೇ ಇಷ್ಟವಾಯಿತು. ಆದರೆ ಬರೀ ಬಿಎಸ್ಸಿಗೆ ಯಾರು ಕೆಲಸ ಕೊಡುತ್ತಾರೆ?

ಸೊರಬದ ಕಡೆಯವ:
ಬೆಂಗಳೂರಿನ ಕ್ಲಿನಿಕಲ್ ರಿಸರ್ಚ್ ಕಂಪನಿಗಳಿಗೆ ಅರ್ಜಿ ಹಾಕಿ. ಟ್ರಯಲ್ ದಾಖಲೆ ನೋಡಿಕೊಳ್ಳುವ ಕೆಲಸಕ್ಕೆ ಫ್ರೆಶರ್‌ಗಳನ್ನೂ ತಗೊಳ್ಳುತ್ತಾರೆ. ಬೋರು ಹೊಡೆಯುತ್ತೆ, ಆದರೂ ಎರಡು ವರ್ಷ ಮಾಡಿ.

ಬಿಲ್ಲಿಂಗ್ ಕೌಂಟರ್:
ಆ ಕಾಲೇಜಿನವರು ಮತ್ತೆ ಫೋನ್ ಮಾಡಿದರೆ ಹೋದ ವರ್ಷದವರಲ್ಲಿ ಎಷ್ಟು ಜನ ಮೆಡಿಕಲ್ ರೆಪ್ ಆಗಿದ್ದಾರೆ ಅಂತ ಕೇಳಿ ನೋಡಿ 😄