ಕಾರ್ಡ್ ಡಿಕ್ಲೈನ್ ಆದರೆ ದೊಡ್ಡ ಕಾರಿನವರ ಬಳಿ ದುಡ್ಡಿಲ್ಲ ಅಂತ ಅರ್ಥವೇ?

ಮಾಟುಂಗಾ_ಗಲ್ಲಾ ಕೇಳಿದ್ದು:

ನಮಸ್ಕಾರ. ಎರಡು ಪ್ರಶ್ನೆ ಇವೆ, ಒಂದಕ್ಕೊಂದು ಸಂಬಂಧ ಇರುವುದರಿಂದ ಒಟ್ಟಿಗೇ ಕೇಳುತ್ತಿದ್ದೇನೆ.

ರೆಸ್ಟೋರೆಂಟ್ ಗಲ್ಲಾದಲ್ಲಿ ವಾರಾಂತ್ಯದ ರಾತ್ರಿ ಜರ್ಮನ್ ಕಾರುಗಳಲ್ಲಿ ಬರುವವರ ಕ್ರೆಡಿಟ್ ಕಾರ್ಡ್ ಕೂಡ ಡಿಕ್ಲೈನ್ ಆಗುತ್ತದೆ. ವೇಟರ್ ಹುಡುಗರು "ಗಾಡಿ ಪೂರ್ತಿ ಸಾಲದ್ದು, ಕೈಯಲ್ಲಿ ಏನೂ ಇಲ್ಲ" ಅಂತ ಅಲ್ಲೇ ಮಾತಾಡಿಕೊಳ್ಳುತ್ತಾರೆ, ಕೆಲವೊಮ್ಮೆ ಗಿರಾಕಿಯ ಕಿವಿಗೆ ಬೀಳುವ ಹಾಗೆ. ಸ್ಲಿಪ್ಪಿನಲ್ಲಿ 05, 51, 57, 61 ಅಂತ ಬರುವ ನಂಬರ್‌ಗಳ ಅರ್ಥ ಏನು? ಎಷ್ಟು ಸಲ ಮತ್ತೆ ಪ್ರಯತ್ನಿಸಬಹುದು?

ಎರಡನೆಯದು: ಅಕ್ಕನ ಮಗ ಪುಣೆಯ ಹಿಂಜವಡಿಯಲ್ಲಿ ಕೆಲಸದಲ್ಲಿದ್ದಾನೆ. ಕೈಗೆ ಬರುವ ಸಂಬಳ 2 ಲಕ್ಷ, ಮನೆ ಸಾಲದ ಕಂತು 62,000. ಎಕ್ಸ್ ಶೋರೂಂ 60 ಲಕ್ಷದ ಪೆಟ್ರೋಲ್ ಕಾರಿಗೆ ಡೀಲರ್ ಒಂದು ಹಾಳೆ ಕೊಟ್ಟಿದ್ದಾರೆ: ಸಾಲ 50 ಲಕ್ಷ, ಬಡ್ಡಿ 9%, 48 ತಿಂಗಳು, ಕಂತು 85,310, ಕೊನೆಗೆ 22.5 ಲಕ್ಷ ಬಲೂನ್ (ಒಂದೇ ಸಲ ಕಟ್ಟಬೇಕಾದ ದೊಡ್ಡ ಮೊತ್ತ). "ಅಷ್ಟು ಜನ ಓಡಿಸ್ತಾರಲ್ಲ ಮಾಮ, ನನಗೇಕೆ ಆಗಲ್ಲ?" ಅನ್ನುತ್ತಾನೆ. ಬುದ್ಧಿಮಾತು ಅವನು ಕೇಳುವುದಿಲ್ಲ. ಲೆಕ್ಕ ಕೊಟ್ಟರೆ ಕೇಳುತ್ತಾನೆ.

ಥಾಣೆ_ಪಿಒಎಸ್:

ಮೊದಲ ಪ್ರಶ್ನೆಗೆ. ಮೆಷಿನ್ನಿನ ಮೇಲೆ ಬರುವ ಎರಡಂಕಿ ಕೋಡ್ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕಿನ ಉತ್ತರ. ನಿಮ್ಮ ಮೆಷಿನ್ ಅದನ್ನು ತೋರಿಸುತ್ತದೆ ಅಷ್ಟೇ.

51 ಒಂದೇ "ಹಣ ಸಾಲದು" ಎಂದು ನೇರವಾಗಿ ಹೇಳುವ ಕೋಡ್. ಅದರಲ್ಲೂ ಕ್ರೆಡಿಟ್ ಕಾರ್ಡ್ ಆದರೆ ಒಟ್ಟು ಲಿಮಿಟ್ ಬೇರೆ, ಆ ಹೊತ್ತಿಗೆ ಉಳಿದ ಲಿಮಿಟ್ ಬೇರೆ. 5 ಲಕ್ಷ ಲಿಮಿಟ್ಟಿನ ಕಾರ್ಡಿನಲ್ಲಿ 2 ಲಕ್ಷದ ಟಿವಿಯನ್ನು ಇಎಂಐಗೆ ಹಾಕಿದರೆ ಕಟ್ಟಲು ಬಾಕಿ ಇರುವ ಅಸಲು ಪೂರ್ತಿ ಲಿಮಿಟ್ಟಿನಿಂದ ಬ್ಲಾಕ್ ಆಗಿರುತ್ತದೆ. ಗೋವಾದ ಹೋಟೆಲಿನವರು ಚೆಕ್ ಇನ್ ಹೊತ್ತಿಗೆ ಪ್ರಿ-ಆಥ್ (ಮುಂಗಡ ತಡೆ) ಹಾಕಿ ಹಿಡಿದಿಟ್ಟ ಮೊತ್ತ ಚೆಕ್ ಔಟ್ ಆದ ಮೇಲೂ ಕೆಲವು ದಿನ ಬಿಡುಗಡೆ ಆಗದೆ ಇರಬಹುದು. ಖಾತೆಯಲ್ಲಿ ಕೋಟಿ ಇದ್ದವರಿಗೂ 51 ಬರುತ್ತದೆ.

05 ಅಂದರೆ ಬ್ಯಾಂಕ್ ಕಾರಣ ಹೇಳದೆ ನಿರಾಕರಿಸಿದೆ. ವಂಚನೆ ತಡೆಯುವ ಸಾಫ್ಟ್‌ವೇರಿಗೆ ಅನುಮಾನ ಬಂದಿರಬಹುದು, ಬಿಲ್ ಬಾಕಿ ಇರಬಹುದು. ಗಲ್ಲಾದಲ್ಲಿ ನಿಂತು ಯಾವುದೆಂದು ತಿಳಿಯಲು ಸಾಧ್ಯವೇ ಇಲ್ಲ. ಇದಕ್ಕೆ ಮತ್ತೆ ಮತ್ತೆ ಹಾಕಬೇಡಿ. ಸಾಲುಸಾಲಾಗಿ ಬಂದ ಪ್ರಯತ್ನವೇ ಅನುಮಾನ ಹೆಚ್ಚಿಸಿ ಕಾರ್ಡ್ ತಾತ್ಕಾಲಿಕವಾಗಿ ಬ್ಲಾಕ್ ಆಗಬಹುದು. ಒಂದು ಸಲ ಚಿಪ್ ಹಾಕಿ ಪಿನ್ ಒತ್ತಿಸಿ, ಆಗಲಿಲ್ಲವೋ ಬೇರೆ ದಾರಿ ಕೇಳಿ.

57 ಬಂದರೆ ಆ ಬಗೆಯ ವ್ಯವಹಾರಕ್ಕೆ ಕಾರ್ಡಿನಲ್ಲಿ ಅನುಮತಿ ಇಲ್ಲ. ಆರ್‌ಬಿಐ ನಿಯಮದ ಪ್ರಕಾರ 2020ರ ಅಕ್ಟೋಬರ್ 1ರಿಂದ ಹೊಸ ಕಾರ್ಡ್ ಬರುವಾಗ ದೇಶದೊಳಗಿನ ಎಟಿಎಂ ಮತ್ತು ಸ್ವೈಪ್ ಮೆಷಿನ್ ಬಳಕೆ ಮಾತ್ರ ಚಾಲೂ ಇರುತ್ತದೆ. ಟ್ಯಾಪ್, ಆನ್‌ಲೈನ್, ವಿದೇಶಿ ಬಳಕೆಯನ್ನು ಗಿರಾಕಿಯೇ ತನ್ನ ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿಕೊಳ್ಳಬೇಕು. ಹೊಸ ಪ್ರೀಮಿಯಂ ಕಾರ್ಡ್ ಕೈಗೆ ಬಂದ ಮೊದಲ ವಾರದಲ್ಲಿ ಡಿಕ್ಲೈನ್ ಆಗಲು ಇದೂ ಕಾರಣ ಇರಬಹುದು. 61 ಅಂದರೆ ಮೊತ್ತದ ಮಿತಿ ದಾಟಿದೆ. ಅದೇ ಆ್ಯಪ್‌ನಲ್ಲಿ "ಸ್ವೈಪ್ ಮಿತಿ 10,000" ಅಂತ ಹಿಂದೆ ಯಾವತ್ತೋ ಇಟ್ಟು ಮರೆತಿದ್ದರೆ 12,400ರ ಬಿಲ್ಲಿಗೆ ಹೀಗೆ ಆಗುತ್ತದೆ. ಆ್ಯಪ್ ತೆರೆದು ಮಿತಿ ಏರಿಸಿದರೆ ನಿಂತಲ್ಲೇ ಸರಿಹೋಗುತ್ತದೆ.

55 ತಪ್ಪು ಪಿನ್, 75 ಪಿನ್ ಪ್ರಯತ್ನಗಳು ಮುಗಿದವು, 54 ಅವಧಿ ಮುಗಿದ ಕಾರ್ಡ್, 91 ಬ್ಯಾಂಕಿನ ಸರ್ವರ್ ಸಿಗುತ್ತಿಲ್ಲ. 91ಕ್ಕೆ ಮಾತ್ರ ಐದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸುವುದರಲ್ಲಿ ಅರ್ಥ ಇದೆ. 41 ಅಥವಾ 43 ಬಂದರೆ ಕಾರ್ಡ್ ಕಳೆದದ್ದು ಅಥವಾ ಕಳವಾದದ್ದು ಎಂದು ಬ್ಯಾಂಕಿನಲ್ಲಿ ದಾಖಲಾಗಿದೆ. ಜಗಳಕ್ಕೆ ಹೋಗದೆ ಮೆಷಿನ್ ಕೊಟ್ಟ ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿ.

ಟ್ಯಾಪ್ ಬಗ್ಗೆ ಹುಡುಗರಿಗೆ ಇದನ್ನು ಕಲಿಸಲೇಬೇಕು. ಕಾರ್ಡನ್ನು ಮೆಷಿನ್ನಿನ ಮೇಲೆ ಹಿಡಿದಾಗ ನಾಲ್ಕು ಪುಟ್ಟ ಹಸಿರು ದೀಪ ಒಂದೊಂದಾಗಿ ಹತ್ತಿ ಬೀಪ್ ಅನ್ನುತ್ತದೆ. ಅದರ ಅರ್ಥ ಕಾರ್ಡನ್ನು ಓದಿಯಾಯಿತು ಅಂತ, ಹಣ ಬಂತು ಅಂತ ಅಲ್ಲ. ಬ್ಯಾಂಕಿನ ಉತ್ತರ ಆಮೇಲೆ ಬರುತ್ತದೆ. ಪರದೆಯ ಮೇಲೆ "ಅಪ್ರೂವ್ಡ್" ಕಾಣುವವರೆಗೆ ಕಾರ್ಡ್ ವಾಪಸ್ ಕೊಟ್ಟು ಕಳಿಸಬೇಡಿ. ಪಿನ್ ಇಲ್ಲದ ಟ್ಯಾಪ್‌ಗೆ 5,000 ಮಿತಿ ಇದೆ, ಅದರ ಮೇಲೆ ಪಿನ್ ಬೇಕೇ ಬೇಕು.

ಇನ್ನೊಂದು: ಅಮೆಕ್ಸ್, ಡೈನರ್ಸ್ ಕಾರ್ಡುಗಳು ಎಲ್ಲ ಮೆಷಿನ್‌ನಲ್ಲೂ ನಡೆಯುವುದಿಲ್ಲ. ನಿಮ್ಮ ಬ್ಯಾಂಕ್ ಅವನ್ನು ಚಾಲೂ ಮಾಡಿಕೊಟ್ಟಿರಬೇಕು. ದೊಡ್ಡ ಕಾರಿನವರ ಕೈಯಲ್ಲಿ ಇಂಥ ಕಾರ್ಡ್ ಹೆಚ್ಚು ಕಾಣುತ್ತದೆ, ಹಾಗಾಗಿ ನಿಮ್ಮ ಮೆಷಿನ್ನಿನ ಕೊರತೆಯೇ ಅವರ ಬಡತನದ ಹಾಗೆ ಕಾಣಿಸುತ್ತಿರಬಹುದು.

ವಾಶಿ_ಮ್ಯಾನೇಜರ್:

ಮೇಲಿನದಕ್ಕೆ ಸೇರಿಸುತ್ತೇನೆ. ಗಲ್ಲಾದಲ್ಲಿ ಹೆಚ್ಚು ಗಲಾಟೆ ಆಗುವುದು ಡಿಕ್ಲೈನ್‌ಗೆ ಅಲ್ಲ, "ನನಗೆ ಮೆಸೇಜ್ ಬಂದಿದೆ, ಹಣ ಹೋಗಿದೆ, ನಿಮ್ಮ ಸ್ಲಿಪ್ ಮಾತ್ರ ಬಂದಿಲ್ಲ" ಅನ್ನುವುದಕ್ಕೆ. ಗಿರಾಕಿ ಹೇಳುವುದು ನಿಜವೇ ಇರಬಹುದು. ಮೊದಲು ಮೆಷಿನ್‌ನಲ್ಲಿ ಹಿಂದಿನ ರಸೀದಿ ಮರುಮುದ್ರಣ ಒತ್ತಿ, ಆಮೇಲೆ ಆ ದಿನದ ಬ್ಯಾಚ್ ವರದಿ (ಮೆಷಿನ್ನಿನಲ್ಲಿ ಆದ ವ್ಯವಹಾರಗಳ ಪಟ್ಟಿ) ನೋಡಿ. ಎರಡರಲ್ಲೂ ಇಲ್ಲದಿದ್ದರೆ ನಿಮಗೆ ಹಣ ಬಂದಿಲ್ಲ, ಅದು ತಾನಾಗಿ ಅವರ ಖಾತೆಗೆ ಮರಳಬೇಕು. ಆರ್‌ಬಿಐಯ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ ಅದಕ್ಕೆ ವ್ಯವಹಾರದ ದಿನದ ನಂತರ 5 ದಿನ ಗಡುವು. ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನು ಬ್ಯಾಂಕ್ ಕೊಡಬೇಕು. ಒಂದು ಚೀಟಿಯಲ್ಲಿ ಸಮಯ, ಮೊತ್ತ, ಮೆಷಿನ್ನಿನ ಟಿಐಡಿ (ಗುರುತಿನ ಸಂಖ್ಯೆ), ಕಾರ್ಡಿನ ಕೊನೆಯ 4 ಅಂಕಿ, ಇದ್ದರೆ 12 ಅಂಕಿಯ ಆರ್‌ಆರ್‌ಎನ್ (ಆ ವ್ಯವಹಾರದ ಉಲ್ಲೇಖ ಸಂಖ್ಯೆ) ಬರೆದು, ಮೊಹರು ಹಾಕಿ ಗಿರಾಕಿಗೆ ಕೊಡಿ. ಆ ಚೀಟಿ ಕೈಯಲ್ಲಿದ್ದರೆ ಅವರು ಬ್ಯಾಂಕಿನಲ್ಲಿ ದೂರು ಕೊಡಬಹುದು, ನಿಮ್ಮ ಹತ್ತಿರ ಎರಡನೇ ಸಲ ಹಣ ಕಟ್ಟಲೂ ಧೈರ್ಯ ಬರುತ್ತದೆ. ಕಾರ್ಡಿನ ಪೂರ್ತಿ ನಂಬರ್, ಸಿವಿವಿ ಎಂದಿಗೂ ಬರೆದುಕೊಳ್ಳಬೇಡಿ.

ಕಾರ್ಡ್ ನಡೆಯದಿದ್ದರೆ ಹೇಳಬೇಕಾದ ಮಾತು ಒಂದೇ: "ಸರ್, ನೆಟ್‌ವರ್ಕಿನಿಂದ ಉತ್ತರ ಬರಲಿಲ್ಲ, ಬೇರೆ ಕಾರ್ಡ್ ಅಥವಾ ಯುಪಿಐ ನೋಡೋಣವೇ?" ಅದನ್ನು ಮೆಲ್ಲಗೆ, ಬಿಲ್ಲಿನ ಫೋಲ್ಡರ್ ಮುಚ್ಚಿ ಹೇಳಬೇಕು. ಹೆಂಡತಿ ಮಕ್ಕಳ ಎದುರು "ಡಿಕ್ಲೈನ್" ಅನ್ನುವ ಪದ ಕೂಗಿ ಹೇಳುವುದು ಅವಮಾನ, ಮಾರಾಯ್ರೆ. ಬಂದವರ ಗಾಡಿ ಯಾವುದಾದರೂ ಇರಲಿ. ರುಪೇ ಕ್ರೆಡಿಟ್ ಕಾರ್ಡ್ ಯುಪಿಐಗೆ ಜೋಡಿಸಿದವರು ಇರುತ್ತಾರೆ, ಆದರೆ ಅದು ವ್ಯಾಪಾರಿ ಕ್ಯೂಆರ್‌ಗೆ ಮಾತ್ರ ನಡೆಯುತ್ತದೆ. ಯಾರದೋ ಸ್ವಂತ ಖಾತೆಯ ಕ್ಯೂಆರ್ ಅಂಟಿಸಿದ್ದರೆ ಅಲ್ಲೂ ನಿಲ್ಲುತ್ತದೆ.

ಪುಣೆ_ಲೆಕ್ಕಪತ್ರ:

ಅಕ್ಕನ ಮಗನಿಗೆ ಲೆಕ್ಕ.

ಡೀಲರ್ ಹಾಳೆಯಲ್ಲಿ ಸುಳ್ಳಿಲ್ಲ. 50 ಲಕ್ಷಕ್ಕೆ 9%ರಲ್ಲಿ 48 ತಿಂಗಳ ಸಾದಾ ಕಂತು 1,24,425 ಆಗುತ್ತದೆ. 22.5 ಲಕ್ಷ ಅಸಲನ್ನು ಕೊನೆಗೆ ತಳ್ಳಿದ್ದರಿಂದ 85,310ಕ್ಕೆ ಇಳಿದಿದೆ. ಆದರೆ ತಳ್ಳಿದ ಅಸಲಿಗೆ ನಾಲ್ಕು ವರ್ಷವೂ ಬಡ್ಡಿ ಓಡುತ್ತದೆ. ಸಾದಾ ಸಾಲದಲ್ಲಿ ಒಟ್ಟು ಬಡ್ಡಿ ಸುಮಾರು 9.72 ಲಕ್ಷ, ಬಲೂನ್‌ನಲ್ಲಿ 13.45 ಲಕ್ಷ. ಇನ್ನೊಂದು ಸಂಗತಿ ಹಾಳೆಯಲ್ಲಿ ಇರುವುದಿಲ್ಲ: 7 ವರ್ಷದ ಸಾದಾ ಸಾಲದ ಕಂತು 80,445, ಅಂದರೆ ಬಲೂನ್ ಕಂತಿಗಿಂತ ಕಡಿಮೆ, ಕೊನೆಗೆ ಏನೂ ಬಾಕಿ ಇಲ್ಲ. ಹಾಗಾಗಿ ನಾಲ್ಕನೇ ವರ್ಷಕ್ಕೆ ಕಾರನ್ನು ಖಂಡಿತ ವಾಪಸ್ ಕೊಡುವವರಿಗೆ ಮಾತ್ರ ಬಲೂನ್ ಅರ್ಥಪೂರ್ಣ. ಇಟ್ಟುಕೊಳ್ಳುವುದಾದರೆ 22.5 ಲಕ್ಷ ರೊಕ್ಕ ಬೇಕು, ಇಲ್ಲವೇ ಮತ್ತೆ ಸಾಲ. ಅದೇ 9%ಕ್ಕೆ ಸಿಕ್ಕಿದರೂ 36 ತಿಂಗಳು 71,549. ವಾಪಸ್ ಕೊಡುವ ಕರಾರು ಇದ್ದರೆ ಕಿಲೋಮೀಟರ್ ಮಿತಿ, ಸರ್ವಿಸ್ ದಾಖಲೆ, ಅಪಘಾತದ ಷರತ್ತು ಬರೆದ ಪುಟವನ್ನು ಸಹಿಗೆ ಮುಂಚೆ ಓದಬೇಕು. ವಾಪಸ್ ತಗೊಳ್ಳಲು ಅವರು ಒಪ್ಪಿದ ಖಾತರಿ ಬೆಲೆಯಲ್ಲಿ ಕಡಿತ ಆಗುವುದು ಅಲ್ಲಿಂದ.

ಸಾಲದ ಹೊರಗೆ ಕೈಯಿಂದ ಹೋಗುವುದು: ಬೆಲೆಯಲ್ಲಿ ಉಳಿದ 10 ಲಕ್ಷ. ಮಹಾರಾಷ್ಟ್ರದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ವ್ಯಕ್ತಿಯ ಹೆಸರಲ್ಲಿ ರಸ್ತೆ ತೆರಿಗೆ 13%, ಅಂದರೆ 7.8 ಲಕ್ಷ (ಡೀಸೆಲ್ ಆದರೆ 15%). 10 ಲಕ್ಷ ಮೀರಿದ ಕಾರಿಗೆ 1% ಟಿಸಿಎಸ್ (ಮಾರುವವರು ನಿಮ್ಮಿಂದ ಮುಂಗಡವಾಗಿ ವಸೂಲಿ ಮಾಡುವ ಆದಾಯ ತೆರಿಗೆ), 60,000. ಇದು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಾಣಿಕೆ ಆಗುತ್ತದೆ, ಆದರೆ ಈಗ ಕೊಡಲೇಬೇಕು. 18.4 ಲಕ್ಷ ಆಯಿತು, ವಿಮೆ ಇನ್ನೂ ಸೇರಿಲ್ಲ.

ತಿಂಗಳಿಗೆ: 2 ಲಕ್ಷದಲ್ಲಿ 62,000 ಮತ್ತು 85,310 ಕಳೆದರೆ 52,690. ತಿಂಗಳಿಗೆ 1,000 ಕಿ.ಮೀ., ಲೀಟರಿಗೆ 10 ಕಿ.ಮೀ., ಪೆಟ್ರೋಲ್ 104 ರೂಪಾಯಿ ಹಿಡಿದರೆ 10,400 ಹೋಗಿ 42,290. ಇದರಲ್ಲಿ ವಿಮೆ, ಸರ್ವಿಸ್, ಸೊಸೈಟಿ ಶುಲ್ಕ, ದಿನಸಿ, ಮಕ್ಕಳ ಫೀಸ್. ಕಂತುಗಳೇ ಸಂಬಳದ 73% ದಾಟುತ್ತವೆ. ಮನೆ ಸಾಲ ಸೇರಿ ಎಲ್ಲ ಕಂತು ಅರ್ಧ ಸಂಬಳ ದಾಟಬಾರದು ಅಂತ ಹಿಡಿದರೆ ಅವನಿಗೆ ಉಳಿಯುವುದು 38,000. ಅದಕ್ಕೆ 5 ವರ್ಷದಲ್ಲಿ ಸಿಗುವ ಸಾಲ ಸುಮಾರು 18.3 ಲಕ್ಷ. ಅವನ ಕಾರಿನ ಅಳತೆ ಅದು.

ನಿಮ್ಮ ಎರಡು ಪ್ರಶ್ನೆ ಕೂಡುವುದು ಇಲ್ಲಿ. ಕಾರಿನ ಕಂತು ಖಾತೆಯಿಂದ ತಾನಾಗಿ ಕಡಿತ ಆಗುತ್ತದೆ, ಕೊರತೆ ಬೀಳುವುದು ದಿನಸಿಗೆ, ಪೆಟ್ರೋಲಿಗೆ. ಅದು ಕಾರ್ಡಿಗೆ ಹೋಗುತ್ತದೆ. ಬಿಲ್ ಪೂರ್ತಿ ಕಟ್ಟಲಾಗದೆ ಬಾಕಿ 3 ಲಕ್ಷಕ್ಕೆ ಏರಿದರೆ, ತಿಂಗಳಿಗೆ 3.75% ಬಡ್ಡಿ 11,250, ಅದರ ಮೇಲೆ 18% ಜಿಎಸ್‌ಟಿ 2,025. 15,000 ಕಟ್ಟಿದರೂ ಅಸಲಿಗೆ ಸೇರುವುದು 1,725. ಹೊಸ ಖರೀದಿಗೆ ಬಡ್ಡಿರಹಿತ ದಿನಗಳೂ ಇಲ್ಲ, ಮೊದಲ ದಿನದಿಂದಲೇ ಬಡ್ಡಿ. ಒಂದು ಕಂತು ಬೌನ್ಸ್ ಆದರೆ ಅದು ಕ್ರೆಡಿಟ್ ವರದಿಗೆ ಬೀಳುತ್ತದೆ. 2025ರ ಜನವರಿಯಿಂದ ಬ್ಯಾಂಕುಗಳು 15 ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು, ಹಾಗಾಗಿ ಬೇರೆ ಬ್ಯಾಂಕ್ ಅದನ್ನು ನೋಡಿ ಲಿಮಿಟ್ ಇಳಿಸಲು ಈಗ ತಿಂಗಳುಗಟ್ಟಲೆ ಬೇಕಾಗಿಲ್ಲ.

ಮಾಟುಂಗಾ_ಗಲ್ಲಾ:

ತುಂಬಾ ಉಪಕಾರ. 7 ವರ್ಷದ ಕಂತು ಕಡಿಮೆ ಅಂತ ಗೊತ್ತೇ ಇರಲಿಲ್ಲ. ಅವನ ಇನ್ನೊಂದು ವಾದ ಇದೆ: "ಐದು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ತಗೊಳ್ತೇನೆ, ಅರ್ಧ ಬೆಲೆ." ಮತ್ತೆ ಅಷ್ಟೊಂದು ಜನ ಓಡಿಸುವುದು ಹೇಗೆ ಅನ್ನುವುದಕ್ಕೆ ಏನು ಹೇಳಲಿ?

ಮಡಗಾಂವ್_ಗ್ಯಾರೇಜ್:

ಅರ್ಧ ಬೆಲೆ ನಿಜ. ವಿಮೆಯ ಐಡಿವಿ (ವಿಮೆಗೆ ಹಿಡಿಯುವ ಕಾರಿನ ಬೆಲೆ) ಲೆಕ್ಕದಲ್ಲೇ 4 ವರ್ಷ ದಾಟಿ 5ರೊಳಗಿನ ಕಾರಿಗೆ 50% ಸವಕಳಿ. ಆದರೆ ಕಾರು ಅರ್ಧ ಬೆಲೆಗೆ ಸಿಕ್ಕಿತು ಅಂತ ಬಿಡಿಭಾಗ ಅರ್ಧ ಬೆಲೆಗೆ ಸಿಗುವುದಿಲ್ಲ. ಹೆಡ್‌ಲೈಟ್, ಏರ್ ಸಸ್ಪೆನ್ಷನ್, ಗೇರ್‌ಬಾಕ್ಸಿನ ಮೆಕಾಟ್ರಾನಿಕ್ಸ್ (ಗೇರ್ ನಿಯಂತ್ರಿಸುವ ಘಟಕ) ಎಲ್ಲದಕ್ಕೂ ಹೊಸ ಕಾರಿನ ದರವೇ.

ಕೊಳ್ಳುವ ಮುಂಚೆ ಇಷ್ಟು ನೋಡಲಿ. ಡೀಸೆಲ್ ಬಿಎಸ್6 ಆದರೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಸ್ಥಿತಿಯನ್ನು ಸ್ಕ್ಯಾನರ್ ಹಾಕಿ ಓದಿಸಬೇಕು. ಬಾಂದ್ರಾ, ಅಂಧೇರಿ ಟ್ರಾಫಿಕ್ಕಿನಲ್ಲಿ ದಿನಕ್ಕೆ ನಾಲ್ಕೈದು ಕಿ.ಮೀ. ಮಾತ್ರ ಓಡಿದ ಕಾರಿನಲ್ಲಿ ಫಿಲ್ಟರ್ ಸಾಕಷ್ಟು ಬಿಸಿ ಆಗುವುದೇ ಇಲ್ಲ, ಮಸಿ ಸುಟ್ಟುಹೋಗದೆ ಕಟ್ಟಿಕೊಳ್ಳುತ್ತದೆ, ಅರ್ಧಕ್ಕೆ ನಿಂತ ರೀಜನರೇಷನ್‌ನಿಂದ (ಮಸಿ ಸುಡುವ ಕ್ರಿಯೆ) ಡೀಸೆಲ್ ಎಂಜಿನ್ ಆಯಿಲ್‌ಗೂ ಸೇರುತ್ತದೆ. ಡಿಪ್‌ಸ್ಟಿಕ್ ಇದ್ದರೆ ಎಳೆದು ನೋಡಿ: ಆಯಿಲ್ ಮೇಲಿನ ಗೆರೆ ದಾಟಿ ಮೂಗಿಗೆ ಡೀಸೆಲ್ ವಾಸನೆ ಬಂದರೆ ಕೈಬಿಡಿ. ಕಡಿಮೆ ಕಿಲೋಮೀಟರ್ ಅಂತ ಹಿಗ್ಗುವವರು ಇದನ್ನು ಮರೆಯುತ್ತಾರೆ. ಕಾರ್ಪೆಟ್ ಎತ್ತಿ, ಸೀಟ್ ಹಳಿಯ ಬೋಲ್ಟ್‌ಗಳಲ್ಲಿ ತುಕ್ಕು, ಬೆಲ್ಟನ್ನು ಕೊನೆಯವರೆಗೆ ಎಳೆದು ಮಣ್ಣಿನ ಗೆರೆ ಹುಡುಕಿ. ಮುಂಬೈ ಮಳೆಯಲ್ಲಿ ಮುಳುಗಿದ ಕಾರು ಹೊಳಪು ಪಾಲಿಶ್ ಹಾಕಿಕೊಂಡು ಗೋವಾಕ್ಕೂ ಬರುತ್ತದೆ, ಪುಣೆಗೂ ಹೋಗುತ್ತದೆ. ಆರ್‌ಸಿಯಲ್ಲಿ ಹೈಪೋಥಿಕೇಷನ್ (ಕಾರಿನ ಮೇಲೆ ಸಾಲ ಇದೆ ಎಂಬ ದಾಖಲೆ) ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಅದನ್ನು ತೆಗೆಸುವ ಫಾರ್ಮ್ 35 ಕೈಗೆ ಬರದೆ ಪೂರ್ತಿ ಹಣ ಕೊಡಬಾರದು. ವಿಮೆಯಲ್ಲಿ ಎಂಜಿನ್ ಪ್ರೊಟೆಕ್ಟ್ ಸೇರಿಸಲಿ. ನೀರಲ್ಲಿ ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿ ಎಂಜಿನ್ ಒಳಗೆ ನೀರೆಳೆದರೆ ಸಾದಾ ಪಾಲಿಸಿಯಲ್ಲಿ ಎಂಜಿನ್ ಹಾನಿಗೆ ಹಣ ಸಿಗುವುದು ಕಷ್ಟ.

ಪುಣೆ_ಲೆಕ್ಕಪತ್ರ:

"ಅಷ್ಟು ಜನ ಹೇಗೆ" ಅನ್ನುವುದಕ್ಕೆ: ಅವರಲ್ಲಿ ಅನೇಕರ ಕಾರು ಕಂಪನಿಯ ಹೆಸರಲ್ಲಿ ಇರುತ್ತದೆ. ಮಹಾರಾಷ್ಟ್ರದಲ್ಲಿ ಕಂಪನಿ ಹೆಸರಿಗೆ ರಸ್ತೆ ತೆರಿಗೆ 20%, ಅದೇ 60 ಲಕ್ಷಕ್ಕೆ 12 ಲಕ್ಷ. ಆದರೂ ಮಾಡಿಸುತ್ತಾರೆ, ಏಕೆಂದರೆ ವ್ಯವಹಾರಕ್ಕೆ ಬಳಸಿದ ಕಾರಿಗೆ ವರ್ಷಕ್ಕೆ 15% ಸವಕಳಿ, ಸಾಲದ ಬಡ್ಡಿ, ಪೆಟ್ರೋಲ್, ವಿಮೆ ಎಲ್ಲವೂ ಖರ್ಚಿನ ಬಾಬತ್ತಿಗೆ ಸೇರಿ ತೆರಿಗೆ ಬೀಳುವ ಲಾಭ ತಗ್ಗುತ್ತದೆ. ಜಿಎಸ್‌ಟಿ ಇನ್‌ಪುಟ್ (ಕಾರಿಗೆ ಕಟ್ಟಿದ ಜಿಎಸ್‌ಟಿಯ ಹೊಂದಾಣಿಕೆ) ಮಾತ್ರ ಸಾಮಾನ್ಯವಾಗಿ ಸಿಗುವುದಿಲ್ಲ. ಸಂಬಳದಾರ ತನ್ನ ಹೆಸರಲ್ಲಿ ಕೊಂಡರೆ ಇದರಲ್ಲಿ ಒಂದೂ ಇಲ್ಲ, ತೆರಿಗೆ ಕಟ್ಟಿ ಉಳಿದ ರೂಪಾಯಿಯಿಂದಲೇ ಕಂತು. ಪಕ್ಕದ ಗಾಡಿಯವನ ಲೆಕ್ಕವೇ ಬೇರೆ ಅಂತ ಅವನಿಗೆ ಹೇಳಿ.

ಸಹಿಗೆ ಮುಂಚೆ ಒಂದು ಪ್ರಯೋಗ ಮಾಡಿಸಿ. ಮೂರು ತಿಂಗಳು, ಸಂಬಳ ಬಂದ ದಿನವೇ 85,310 ಮತ್ತು ಪೆಟ್ರೋಲಿನ 10,400, ಜೊತೆಗೆ ವಿಮೆಯ ಕೋಟನ್ನು 12ರಿಂದ ಭಾಗಿಸಿದ ಮೊತ್ತ, ಇಷ್ಟನ್ನೂ ಬೇರೆ ಖಾತೆಗೆ ಹಾಕಲಿ. ಈಗಿರುವ ಗಾಡಿಯ ಪೆಟ್ರೋಲ್ ಖರ್ಚನ್ನು ಅದರಿಂದಲೇ ತೆಗೆಯಲಿ, ಉಳಿದದ್ದನ್ನು ಮುಟ್ಟಬಾರದು, ಕಾರ್ಡಿನ ಬಿಲ್ಲನ್ನು ಪ್ರತಿ ತಿಂಗಳು ಪೂರ್ತಿ ಕಟ್ಟಬೇಕು. ಎರಡನೇ ತಿಂಗಳ ಸ್ಟೇಟ್‌ಮೆಂಟ್ ತಂದು ನಿಮ್ಮ ಎದುರು ಇಡಲಿ.