ಸಿಪಿಯುಗೆ ಪವರ್ ಕೊಡು ಅಂದರೆ ಯಾವುದಕ್ಕೆ?

ಗೆಳೆಯರೇ, ನಮಸ್ಕಾರ. ಶಿರಸಿಯಿಂದ ಬರೆಯುತ್ತಿದ್ದೇನೆ. ಎರಡು ಪದಗಳ ಬಗ್ಗೆ ಕೇಳಬೇಕಿತ್ತು. ಒಂದು ಹೆಸರು, 'ಸಿಪಿಯು'. ಇನ್ನೊಂದು ಕ್ರಿಯಾಪದ, 'ಸಿಕ್ಕಿಸು'. ಎರಡೂ ಸೇರಿ ಮೊನ್ನೆ ನನ್ನ ಅರ್ಧ ದಿನ ತಿಂದವು.

ಕುಮಟೆಯಲ್ಲಿರುವ ಅಣ್ಣನ ಮಗನ ಕಂಪ್ಯೂಟರಿನ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆ ಕರೆಂಟು ಒದಗಿಸುವ ಡಬ್ಬ, ಗುಡುಗು ಬಂದ ರಾತ್ರಿ ಹೋಯಿತು. ಹೊಸದು ತಂದ. (ಡಬ್ಬದ ಮೇಲೆ ಪವರ್ ಸಪ್ಲೈ ಎಂದು ಬರೆದಿದ್ದರೂ ನಮ್ಮಲ್ಲಿ ಎಲ್ಲರ ಬಾಯಲ್ಲೂ ಅದು ಎಸ್‌ಎಂಪಿಎಸ್ಸೇ. ಮೊಬೈಲ್ ಚಾರ್ಜರಿನ ಒಳಗಿರುವುದೂ ಅದೇ ಜಾತಿಯದು, ಆದರೆ ಅದನ್ನು ಯಾರೂ ಹಾಗೆ ಕರೆಯುವುದಿಲ್ಲ. ಇರಲಿ.) ಹಾಕುವುದು ಹೇಗೆ ಎಂದು ಕೇಳಿದ. ವಾಟ್ಸಾಪಿನಲ್ಲಿ ಬರೆದು ಕಳಿಸಿದೆ: "ಮೊದಲು ಬೋರ್ಡಿಗೆ 24 ಪಿನ್ನಿಂದು ಸಿಕ್ಕಿಸು. ಆಮೇಲೆ ಸಿಪಿಯುಗೆ ಪವರ್ ಕೊಡು. ಆಮೇಲೆ ಸ್ವಿಚ್ ಹಾಕು."

ಅರ್ಧ ತಾಸಿಗೆ ಫೋನ್.

"ಅಪ್ಪಚ್ಚಿ, ನೀ ಹೇಳಿದ ಹಾಂಗೇ ಮಾಡಿದ್ದಿ. ಫ್ಯಾನ್ ತಿರುಗ್ತಾ ಇದ್ದು, ಸ್ಕ್ರೀನ್ ಮಾತ್ರ ಬತ್ತಿಲ್ಲೆ."

"ಸಿಪಿಯುಗೆ ಪವರ್ ಕೊಟ್ಟಿದ್ಯ?"

"ಕೊಟ್ಟಿದ್ದಿ. ಗೋಡೆ ಪ್ಲಗ್ಗಿಂದ."

ತಪ್ಪು ಅವನದ್ದಲ್ಲ. ನಾವೆಲ್ಲ ಸಿಪಿಯು ಎನ್ನುವುದು ಮೇಜಿನ ಕೆಳಗಿರುವ ಇಡೀ ಪೆಟ್ಟಿಗೆಗೆ. ಮಾನಿಟರ್, ಕೀಬೋರ್ಡ್, ಮೌಸ್, ಸಿಪಿಯು ಎಂದೇ ಕಲಿತದ್ದು. ಆ ಅರ್ಥದಲ್ಲಿ ಸಿಪಿಯುಗೆ ಪವರ್ ಕೊಡುವುದೆಂದರೆ ಗೋಡೆಯಿಂದ ವೈರು ಎಳೆಯುವುದು. ನಾನು ಹೇಳಿದ್ದು ಒಳಗಿನ ಚಿಪ್ಪಿಗೆ, ಅಂದರೆ ಪ್ರೊಸೆಸರಿಗೆ. ಬೋರ್ಡಿನ (ಮದರ್‌ಬೋರ್ಡಿನ) ಮೇಲಿನ ಮೂಲೆಯಲ್ಲಿ, ಪ್ರೊಸೆಸರ್ ಪಕ್ಕದಲ್ಲಿ, 8 ಪಿನ್ನಿನ ಬೇರೆಯೇ ಒಂದು ಸಾಕೆಟ್ ಇರುತ್ತದೆ. ಅದು ಖಾಲಿ ಬಿದ್ದರೆ ಫ್ಯಾನು ತಿರುಗುತ್ತದೆ, ದೀಪ ಹತ್ತುತ್ತದೆ, ಆದರೆ ಪ್ರೊಸೆಸರ್ ಏಳುವುದೇ ಇಲ್ಲ.

ಹಾಗಾಗಿ ಮೊದಲ ಪ್ರಶ್ನೆ. ಚಿಪ್ಪಿಗೆ ಪ್ರೊಸೆಸರ್ ಎಂದು ಬರೆದರೆ ಗೊಂದಲ ತಪ್ಪುತ್ತದೆ, ಸರಿ. ಆದರೆ ಕೇಬಲ್ಲಿನ ಮೇಲೆ ಸಿಪಿಯು ಎಂದೇ ಅಚ್ಚಾಗಿರುತ್ತದಲ್ಲ? ಪೆಟ್ಟಿಗೆಗೆ ಕ್ಯಾಬಿನೆಟ್ ಎನ್ನೋಣವೆಂದರೆ ನಮ್ಮ ಪತ್ರಿಕೆ ಓದುವ ಹಿರಿಯರಿಗೆ ಮಂತ್ರಿಮಂಡಲ ನೆನಪಾಗುತ್ತದೆ. ನನ್ನ ಮಟ್ಟಿಗೆ ಸುಮ್ನೆ 'ಪೆಟ್ಟಿಗೆ' ಸಾಕು. ನೀವೇನು ಬರೆಯುತ್ತೀರಿ?

ಇನ್ನು ಕ್ರಿಯಾಪದ. ಇದು ಜಾಸ್ತಿ ಕಾಡಿದೆ. ನಾನು ಬರೆದದ್ದು 'ಸಿಕ್ಕಿಸು'. ಸೆರಗು ಸಿಕ್ಕಿಸುತ್ತೇವೆ, ಮುಡಿಗೆ ಹೂ ಸಿಕ್ಕಿಸುತ್ತೇವೆ, ತೋಟಕ್ಕೆ ಹೋಗುವವರು ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸುತ್ತಾರೆ. ಇದೆಲ್ಲ ಎಳೆದರೆ ಬರುವಂಥದ್ದು. 24 ಪಿನ್ನಿನ ಪ್ಲಗ್ ಹಾಗಲ್ಲ. ಅದರ ಪಕ್ಕೆಯಲ್ಲಿ ಪ್ಲಾಸ್ಟಿಕ್ ಕೊಕ್ಕೆ ಒಂದಿದೆ. ಪ್ಲಗ್ ಪೂರ್ತಿ ಒಳಗೆ ಹೋದಾಗ ಅದು ಸಾಕೆಟ್ಟಿನ ಮೇಲಿನ ಸಣ್ಣ ಉಬ್ಬನ್ನು ದಾಟಿ ಟಕ್ ಎಂದು ಹಿಡಿದುಕೊಳ್ಳುತ್ತದೆ. ಬಿಡಿಸಬೇಕಾದರೆ ಮೇಲಿನ ತುದಿ ಒತ್ತಿ ಹಿಡಿದು ಎಳೆಯಬೇಕು. ಅಂಗಡಿಯ ಹುಡುಗರು 'ಲಾಕ್' ಎನ್ನುತ್ತಾರೆ, ನನಗೆ ಅದರ ಬಗ್ಗೆ ತಕರಾರಿಲ್ಲ.

ತಕರಾರು ಇರುವುದು 'ಒತ್ತಿ ಹಾಕು' ಎನ್ನುವುದರ ಬಗ್ಗೆ. 24 ಪಿನ್ನಿಗೆ ನಿಜವಾಗಿಯೂ ಒತ್ತಬೇಕು, ಬೋರ್ಡು ಒಂಚೂರು ಬಾಗುವಷ್ಟು. ಆದರೆ ಅದೇ ಮಾತನ್ನು 8 ಪಿನ್ನಿಗೂ ಬರೆದರೆ ಅಪಾಯ. ಎಸ್‌ಎಂಪಿಎಸ್‌ನಿಂದ 8 ಪಿನ್ನಿನ ಪ್ಲಗ್ ಎರಡು ಥರ ಬರುತ್ತದೆ. ಪ್ರೊಸೆಸರಿನದು ನಾಲ್ಕು ನಾಲ್ಕಾಗಿ ಒಡೆಯುತ್ತದೆ, ಗ್ರಾಫಿಕ್ಸ್ ಕಾರ್ಡಿನದು ಆರು ಮತ್ತು ಎರಡಾಗಿ. ನೋಡಲು ಅಣ್ಣತಮ್ಮ, ಆದರೆ 12 ವೋಲ್ಟ್ ಮತ್ತು ಗ್ರೌಂಡ್ ಸಾಲುಗಳು ಅದಲುಬದಲು. ತಪ್ಪಿ ಹಾಕಬಾರದೆಂದೇ ತೂತುಗಳಲ್ಲಿ ಕೆಲವು ಚೌಕ, ಕೆಲವಕ್ಕೆ ಮೂಲೆ ಕತ್ತರಿಸಿದ ಆಕಾರ ಇಟ್ಟಿದ್ದಾರೆ. 'ಒತ್ತು' ಎಂದು ಓದಿದವನು ಬಲ ಹಾಕಿ ತುರುಕಿದರೆ ಬೋರ್ಡೇ ಸುಟ್ಟೀತು.

ಹಳೆಯ ಕಾಲದ್ದು ಇದಕ್ಕಿಂತ ಕಷ್ಟ. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಬೋರ್ಡಿನ ಮಾದರಿ ತರುವ ಮೊದಲು ಬೋರ್ಡಿಗೆ ಆರಾರು ತಂತಿಯ ಎರಡು ಪ್ಲಗ್ ಹಾಕಬೇಕಿತ್ತು. ಅದಲುಬದಲಾದರೆ ಮುಗೀತು. 'ಕಪ್ಪಿಗೆ ಕಪ್ಪು ತಾಗಿರಲಿ' ಎನ್ನುವುದೊಂದೇ ಸೂತ್ರ. ಎರಡೂ ಪ್ಲಗ್ಗಿನ ಕಪ್ಪು ತಂತಿಗಳು ನಡುವೆ ಅಕ್ಕಪಕ್ಕ ಬರಬೇಕು ಅಂತ. ನೋಡಿ, ಆ ಸಾಲು ಓದಿ ಯಾರೂ ತಪ್ಪು ಮಾಡಲಾರರು.

ಅಂದರೆ ನನಗೆ ಬೇಕಾದ್ದು 'ತುರುಕು' ಅಲ್ಲದ, 'ಸಿಕ್ಕಿಸು'ಗಿಂತ ಗಟ್ಟಿಯಾದ ಪದ. ನಾವು ಮುಚ್ಚಳ ಕೂತಿತು, ಬಾಗಿಲು ಚೌಕಟ್ಟಿಗೆ ಕೂತಿತು ಎನ್ನುತ್ತೇವೆ. ತನ್ನ ಜಾಗಕ್ಕೆ ಸರಿಯಾಗಿ ಹೋಯಿತು ಎನ್ನುವ ಅರ್ಥ ಅದರಲ್ಲೇ ಇದೆ. ಹಾಗಾಗಿ 'ಕೂರಿಸು'. ಘಟ್ಟದ ಮೇಲೆ ಹುಬ್ಬಳ್ಳಿ ಕಡೆಯವರು ಗಣಪತಿಯನ್ನು 'ಕೂಡಿಸು'ತ್ತಾರೆ, ಅಲ್ಲಿ ಕೂಡು ಎಂದರೆ ಕೂರು. ಉಳಿದವರಿಗೆ ಕೂಡಿಸು ಎಂದರೆ ಸೇರಿಸು. ಪ್ಲಗ್ಗಿಗೆ ಎರಡೂ ಅರ್ಥ ಹೊಂದುತ್ತದೆ, ಅಲ್ವಾ? ನನಗಂತೂ ಆಸೆಯಾಗಿದೆ. ಆದರೆ ಕುಮಟೆ, ಅಂಕೋಲೆ, ಕಾರವಾರದವರು 'ಪ್ಲಗ್ ಕೂಡಿಸು' ಎಂದು ಓದಿದರೆ ಲೆಕ್ಕದ ಪುಸ್ತಕ ತೆಗೆಯುತ್ತಾರೇನೋ ಎಂಬ ಅನುಮಾನವೂ ಇದೆ.

ಸದ್ಯಕ್ಕೆ ತಿದ್ದಿ ಬರೆದದ್ದು ಹೀಗೆ: "ಪ್ರೊಸೆಸರ್ ಪಕ್ಕದ ಸಾಕೆಟ್ಟಿಗೆ ನಾಲ್ಕು ನಾಲ್ಕಾಗಿ ಒಡೆಯುವ 8 ಪಿನ್ನಿನ ಪ್ಲಗ್ ಕೂರಿಸು. ಲಾಕ್ ಟಕ್ ಎನ್ನಬೇಕು. ಕೂರದಿದ್ದರೆ ಒತ್ತಬೇಡ, ತೆಗೆದು ನೋಡು." ಇದನ್ನು ಓದಿ ಹುಡುಗ ಕೇಳಿದ್ದು ಒಂದೇ: "ಅಪ್ಪಚ್ಚಿ, ತೆಗೆದು ಎಂತ ನೋಡವು?"

ಕರಾವಳಿಯವರು ದಯವಿಟ್ಟು ಹೇಳಿ, ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ?